ಸಿಗದೇ ಹೋದ ನಾಲ್ಕು ವಾರ

ಓದಿದಳು! ನನ್ನ ಮೊಮ್ಮಗಳು ರಮ್ಯ ಇವತ್ತು ಬೆಳಿಗ್ಗೆ ಕನ್ನಡ ಪುಸ್ತಕ ಓದಿದಳು. ಒಂದು ಸಾಲು, ಎರಡು ಸಾಲು ಅಲ್ಲ. ನಾಲ್ಕು ಅಧ್ಯಾಯ, ಗಟ್ಟಿಯಾಗಿ, ನನ್ನ ಎದುರು ಕುರ್ಚಿ ಎಳೆದು ಕೂತುಕೊಂಡು. ಒತ್ತಕ್ಷರ ಬಂದಲ್ಲಿ ನಿಂತಳು, ಎಡವಿದಳು, ಹಿಂದೆ ಹೋಗಿ ಇನ್ನೊಮ್ಮೆ ಓದಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಕೈಯಲ್ಲಿದ್ದ ಕಾಫಿ ಆರಿ ಕೆನೆ ಕಟ್ಟಿತು, ಅದೂ ಗೊತ್ತಾಗಲಿಲ್ಲ. ಮುಗಿಸಿ ತಲೆ ಎತ್ತಿ "ಸರಿ ಓದಿದೆನಾ ಅಜ್ಜಿ?" ಎಂದು ಕೇಳಿದಳು. ಕೇಳಿದ್ದೂ ಕನ್ನಡದಲ್ಲಿ! ನಾನು ಎದ್ದು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದೆ. ಆಮೇಲೆ ತಡೆಯಲಿಕ್ಕಾಗದೆ ಹಾಲಿನವನಿಗೆ ಹೇಳಿದೆ, ಎದುರು ಫ್ಲಾಟಿನ ಟೀಚರಿಗೆ ಹೇಳಿದೆ, ಕೆಳಗೆ ಇಳಿದು ವಾಚ್‌ಮನ್‌ಗೂ ಹೇಳಿದೆ. "ಅದಕ್ಕೆ ಇಷ್ಟು ಸಂತೋಷವಾ ಅಮ್ಮಾ? ಕಾಲೇಜಿಗೆ ಹೋಗುವ ಹುಡುಗಿ ಓದದೆ ಇರುತ್ತಾಳಾ?" ಎಂದು ಅವನು ಮಲಯಾಳದಲ್ಲಿ ಕೇಳಿ ನಕ್ಕ. ನಗಲಿ. ಎಂಟು ವರ್ಷ ಆ ಹುಡುಗಿಯ ಬಾಯಿಂದ ಒಂದು ಕನ್ನಡ ಮಾತು ಕೇಳದೆ ಕೂತವಳು ನಾನು. ಹಾಗಾಗುವಂತೆ ಮಾಡಿದವಳೂ ನಾನೇ.

ಓದಿದ ಪುಸ್ತಕವನ್ನು ಅವಳು ನನ್ನ ಮಡಿಲಲ್ಲಿ ಇಟ್ಟು ಸ್ನಾನಕ್ಕೆ ಹೋದಳು. ಕೊಚ್ಚಿಯ ಈ ಎಡಪ್ಪಳ್ಳಿಯ ಮನೆಯಿಂದ ಎರ್ನಾಕುಳಂ ಪೇಟೆಗೆ ಹೋಗಿ ಹಳೆ ಪುಸ್ತಕದ ಅಂಗಡಿಯಿಂದ ತಂದದ್ದು. ಮೂಗಿನ ಹತ್ತಿರ ಹಿಡಿದೆ. ಗೆದ್ದಲಿಗೆ ಹಾಕಿದ ಸೀಮೆಎಣ್ಣೆ, ಮಳೆಗಾಲದ ಬೂಷ್ಟು, ಯಾರದೋ ಮನೆಯ ಕಪಾಟಿನ ನುಸಿಗುಳಿಗೆ, ಎಲ್ಲ ಸೇರಿದ ಒಂದು ವಾಸನೆ. ಬೇರೆಯವರಿಗೆ ಅದು ಹಿತವೋ ಏನೋ. ನನಗೆ ಆ ವಾಸನೆ ಬಂದರೆ ನಾಲಿಗೆಯ ಬುಡದಲ್ಲಿ ಹಾಗಲಕಾಯಿ ಅರೆದ ಹಾಗೆ ಆಗುತ್ತದೆ. ಎರಡು ಸಾವಿರದ ಒಂದನೇ ಇಸವಿಯ ಮಳೆಗಾಲ ಪೂರ್ತಿ ಆ ವಾಸನೆಯೊಳಗೆ ಉಂಟು.

ನಾನು ಕಾಸರಗೋಡಿನ ಕಡೆಯವಳು. ಕಲಿತದ್ದು ನಾಲ್ಕನೇ ಕ್ಲಾಸು. ನಮ್ಮವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ಪರಿಚಯದ ಒಬ್ಬ ವಕೀಲರ ಆಫೀಸಿಗೆ ಕನ್ನಡ ವಾರಪತ್ರಿಕೆ ಬರುತ್ತಿತ್ತು. ಕಕ್ಷಿಗಾರರು ಬೆಂಚಿನಲ್ಲಿ ಕೂತು ಓದಿ, ಬೀಸಣಿಗೆ ಮಾಡಿ ಬೀಸಿಕೊಂಡು, ಮುದುಡಿ ಬಿಟ್ಟದ್ದನ್ನು ವಾರ ಕಳೆದ ಮೇಲೆ ನಮ್ಮವರು ಮನೆಗೆ ತರುತ್ತಿದ್ದರು. ಅದರಲ್ಲಿ ಬರುವ ಧಾರಾವಾಹಿಯ ಪುಟಗಳನ್ನು ನಾನು ಕತ್ತರಿಸಿ, ವಾರದ ಲೆಕ್ಕದಲ್ಲಿ ಜೋಡಿಸಿ, ಕಥೆ ಮುಗಿದ ಮೇಲೆ ಗೋಣಿ ಹೊಲಿಯುವ ಸೂಜಿಯಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದೆ. ಆ ಕಾಲದಲ್ಲಿ ಓದುವ ಹೆಂಗಸರೆಲ್ಲ ಹಾಗೆಯೇ ಮಾಡುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಪೆಟ್ಟಿಗೆ ತುಂಬ ಆಯಿತು.

ನಮ್ಮವರು ತೀರಿಕೊಂಡ ವರ್ಷವೇ ಮಗ ರಘು ನನ್ನನ್ನು ತಿರುವನಂತಪುರಕ್ಕೆ ಕರೆದ. ಅವನಿಗೆ ಅಲ್ಲಿ ಸರಕಾರದ ಆಫೀಸಿನಲ್ಲಿ ಕೆಲಸ. "ಅಮ್ಮಾ, ಅಲ್ಲಿ ಎರಡೇ ಕೋಣೆ. ಬೇಕಾದ್ದು ಮಾತ್ರ ಕಟ್ಟಿ" ಎಂದ. ಹೊರಡುವ ವಾರ ಪಾತ್ರೆ ಮಾರುವವಳು ಬಾಗಿಲಿಗೆ ಬಂದಳು. ಹಳೆ ಸೀರೆ, ಹಳೆ ಕಾಗದ ತೆಗೆದುಕೊಂಡು ಸ್ಟೀಲು ಕೊಡುವವಳು. ಪೆಟ್ಟಿಗೆಯಲ್ಲಿದ್ದ ಕಥೆಗಳನ್ನೆಲ್ಲ ಅವಳಿಗೆ ಹಾಕಿದೆ. ಮುಚ್ಚಳ ಇರುವ ಒಂದು ಡಬ್ಬಿ ಬಂತು. ಆಫೀಸರ ಮನೆಗೆ ಹೋಗುವಾಗ ಹೊಲಿದ ಕಾಗದದ ಕಟ್ಟು ಯಾಕೆ ಎಂಬ ನಾಚಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಒಂದನ್ನು ಮಾತ್ರ ಇಟ್ಟುಕೊಂಡೆ, ಕಮಲಿನಿಯ ಕಥೆ. ಅದು ಮುಗಿದಿರಲಿಲ್ಲ, ಅದಕ್ಕೇ ಇಟ್ಟುಕೊಂಡದ್ದು. ಮುಗಿದ ಕಥೆಗಳ ಅಂತ್ಯ ನನಗೆ ಗೊತ್ತಿತ್ತಲ್ಲ, ಅವು ಇನ್ನು ಯಾಕೆ ಎಂದು ತೋರಿತು. ಎಂಥಾ ಬುದ್ಧಿ ನೋಡಿ!

ಕಮಲಿನಿಯ ಕಥೆ ಯಾಕೆ ಮುಗಿದಿರಲಿಲ್ಲ ಎಂದರೆ, ಅದರ ಕೊನೆಯ ನಾಲ್ಕು ಕಂತು ಬಂದದ್ದು ಬೇಸಗೆಯಲ್ಲಿ, ಕೋರ್ಟಿಗೆ ರಜೆ ಇರುವ ತಿಂಗಳಲ್ಲಿ. ವಕೀಲರು ಆಫೀಸಿಗೆ ಬೀಗ ಹಾಕಿ ಊರಿಗೆ ಹೋಗಿದ್ದರು. ಅವರು ಬರುವಾಗ ಆ ನಾಲ್ಕು ವಾರದ ಪತ್ರಿಕೆ ಎಲ್ಲಿ ಹೋಗಿತ್ತೋ ಯಾರಿಗೂ ಗೊತ್ತಿಲ್ಲ. ನಾಲ್ಕನೆಯ ವಾರಕ್ಕೇ ಕಥೆ ಮುಗಿಯಿತು ಎಂದು ಆಚೆ ಕೇರಿಯವರಿಂದ ಕೇಳಿ ಗೊತ್ತು, ಹೇಗೆ ಮುಗಿಯಿತು ಎಂದು ಅವರಿಗೂ ನೆನಪಿರಲಿಲ್ಲ. ಗಂಡ ಬಿಟ್ಟುಹೋದ ಕಮಲಿನಿ ಹೊಲಿಗೆ ಮಾಡಿ ಬದುಕುತ್ತಿದ್ದಾಳೆ; ಏಳು ವರ್ಷದ ಮೇಲೆ ಗಂಡನ ಕಾಗದ ಬರುತ್ತದೆ; ಅದನ್ನು ಒಡೆಯದೆ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಅಲ್ಲಿಗೆ ನನ್ನ ಹೊಲಿಗೆಯೂ ನಿಂತಿತ್ತು.

ತಿರುವನಂತಪುರಕ್ಕೆ ಬಂದಾಗ ರಮ್ಯಳಿಗೆ ಒಂಬತ್ತು ವರ್ಷ. ಹುಟ್ಟಿದ್ದು ಅಲ್ಲೇ, ಬೆಳೆದದ್ದು ಅಲ್ಲೇ. ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳ. "ಊಟ ಮಾಡ್ತೀಯಾ?" ಎಂದರೆ "ವೇಂಡ", ಬೇಡ ಎಂದು. "ಎಲ್ಲಿಗೆ ಹೋಗುದು?" ಎಂದರೆ "ಕಳಿಕ್ಕಾನ್", ಆಡಲಿಕ್ಕೆ ಎಂದು. ಮಗನೂ ಸೊಸೆ ಸುಮನಳೂ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಆರಕ್ಕೆ ಬರುವುದು. ನನ್ನ ಮಲಯಾಳ ಕಾಸರಗೋಡಿನದ್ದು. ತಿರುವನಂತಪುರದವರಿಗೆ ಅದನ್ನು ಕೇಳಿದರೆ ನಗೆ. ತರಕಾರಿಯವಳು ಸಹ ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡು ನಗುತ್ತಿದ್ದಳು. ಇಡೀ ಊರಿನಲ್ಲಿ ನನ್ನ ಬಾಯಿಯ ಮಾತಿಗೆ ಮಾತು ಕೊಡಬಲ್ಲ ಒಂದು ಜೀವ ಹಗಲಿನಲ್ಲಿ ಇದ್ದರೆ ಅದು ಆ ಮಗು, ಅದೂ ಕೊಡುವುದಿಲ್ಲ.

ಜೂನಿನ ಮಳೆಗೆ ಶಾಲೆ ಶುರುವಾಯಿತು. ಒಂದು ದಿನ ಅವಳು ಶಾಲೆಯಿಂದ ಬಂದ ಮೇಲೆ ಕರೆಂಟು ಹೋಗಿ ಟಿವಿ ನಿಂತಿತು. ರಮ್ಯ ಮುಖ ಊದಿಸಿ ಕೂತಿದ್ದಳು. ನಾನು ಪೆಟ್ಟಿಗೆಯಿಂದ ಕಮಲಿನಿಯನ್ನು ತೆಗೆದು ನನ್ನಷ್ಟಕ್ಕೇ ಗಟ್ಟಿಯಾಗಿ ಓದತೊಡಗಿದೆ. ಎರಡು ಪುಟ ಆಗುವಾಗ ಅವಳು ನನ್ನ ಮೊಣಕಾಲಿಗೆ ಒರಗಿದ್ದಳು. ಮೂರನೇ ಪುಟಕ್ಕೆ ನಾನು ನಿಲ್ಲಿಸಿದೆ.

"ಬಾಕ್ಕಿ?" ಎಂದಳು. ಉಳಿದದ್ದೆಲ್ಲಿ ಎಂದು.

"ಕನ್ನಡದಲ್ಲಿ ಕೇಳು. ಕೇಳಿದರೆ ಮಾತ್ರ ಮುಂದೆ ಓದುದು."

ಸ್ವಲ್ಪ ಹೊತ್ತು ಹಟ ಮಾಡಿದಳು. ಆಮೇಲೆ ನೆಲ ನೋಡಿಕೊಂಡು, ಬಾಯಿಯೊಳಗೆ ಬಿಸಿ ಬಟಾಟೆ ಇಟ್ಟುಕೊಂಡವಳ ಹಾಗೆ, "ಆಮೇಲೆ... ಎಂತ ಆಯ್ತು?" ಎಂದಳು.

ಅದೇ ನಮ್ಮ ಕರಾರು ಆಯಿತು. ದಿನಕ್ಕೆ ಒಂದು ಕಂತು. ನಿಲ್ಲಿಸಿದಲ್ಲೆಲ್ಲ ಕನ್ನಡದಲ್ಲಿ ಕೇಳಬೇಕು. "ಗಂಡ ಬಿಟ್ಟವಳ ಕಥೆ ಮಕ್ಕಳಿಗೆ ಯಾಕೆ ಅತ್ತೆ?" ಎಂದು ಸುಮನ ಒಮ್ಮೆ ಕೇಳಿದಳು. "ಟಿವಿಯಲ್ಲಿ ಅವಳು ನೋಡುದು ಎಂತ, ದೇವರ ಮದುವೆಯಾ?" ಎಂದೆ. ಅವಳು ನಕ್ಕು ಒಳಗೆ ಹೋದಳು. ಜುಲೈ ನಡುವಿಗೆ ಬರುವಾಗ ರಮ್ಯ ಒಂದು ಪ್ರಶ್ನೆಗೆ ನಾಲ್ಕು ಪ್ರಶ್ನೆ ಕೇಳುತ್ತಿದ್ದಳು. "ಕಮಲಿನಿಗೆ ಹಸಿವು ಆಗುದಿಲ್ವಾ?" "ಆ ಅತ್ತೆಯನ್ನು ಯಾರೂ ಬೈಯುದಿಲ್ವಾ?" "ಗಂಡನಿಗೆ ಮರ್ಲಾ ಅಜ್ಜಿ?" ಮರುಳಿಗೆ ನಾವು ಊರಲ್ಲಿ ಹೇಳುವ ಆ ಮಾತು ಅವಳ ಬಾಯಲ್ಲಿ ಕೇಳಿದಾಗ ನಾನು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕದ್ದು ನೆನಪುಂಟು.

ಓಣಕ್ಕೆ ಆರು ವಾರ ಇರುವಾಗ ಕಥೆ ಆ ಕಾಗದದ ಹತ್ತಿರ ಬಂದು ನಿಂತಿತು.

"ಒಡೆದಳಾ? ಕಾಗದದಲ್ಲಿ ಎಂತ ಬರೆದಿದ್ದ?"

"ಇದು ಒಂದನೇ ಭಾಗ ಮಗಾ. ಎರಡನೇ ಭಾಗ ಬೇರೆ ಉಂಟು. ತರಬೇಕಷ್ಟೆ."

ಅಲ್ಲಿಯವರೆಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆ ಕಥೆ ಪುಸ್ತಕವಾಗಿ ಬಂದಿರಬೇಕು, ಎಲ್ಲೋ ಒಂದು ಕಡೆ ಸಿಕ್ಕೀತು ಎಂದು ನಂಬಿದ್ದೆ. ಊರಿನಲ್ಲಿದ್ದ ತಮ್ಮನಿಗೆ ಕಾರ್ಡು ಬರೆದೆ. ಅವನು ಮಂಗಳೂರಿನಲ್ಲಿ ವಿಚಾರಿಸಿ "ಬಹಳ ಹಳತಂತೆ, ಈಗ ಅಚ್ಚಿನಲ್ಲಿ ಇಲ್ಲವಂತೆ, ಬೇರೆ ಯಾವುದಾದರೂ ಕಳಿಸಲಾ?" ಎಂದು ಬರೆದ. ಬೇರೆ ಯಾವುದು? ಮಗುವಿಗೆ ಬೇಕಾದ್ದು ಕಮಲಿನಿ. ರಘುವಿಗೆ ಹೇಳಿದರೆ "ನೋಡುವ ಅಮ್ಮಾ" ಎಂದ. ಅವನ "ನೋಡುವ" ನನಗೆ ಗೊತ್ತುಂಟು.

ಆಗ ಹಳೆ ಪುಸ್ತಕದ ಅಂಗಡಿಗಳ ಸುದ್ದಿ ಹೇಳಿದ್ದು ನಮ್ಮ ಮನೆಗೆ ಪೇಪರ್ ಹಾಕುವವನು. ಪಾಳಯಂ ಕಡೆ ರಸ್ತೆಯ ಬದಿಯಲ್ಲಿ ಸಾಲಾಗಿ ಉಂಟು, ಅಲ್ಲಿ ಇಲ್ಲದ ಪುಸ್ತಕ ಇಲ್ಲ ಎಂದ. ಮರುದಿನವೇ ಕೊಡೆ ಹಿಡಿದು ಬಸ್ಸು ಹತ್ತಿದೆ. ತಗಡಿನ ಮಾಡು, ಮುಂದೆ ನೀಲಿ ಪ್ಲಾಸ್ಟಿಕ್, ಒಳಗೆ ಸೊಂಟದೆತ್ತರ ರಾಶಿ. ಪ್ರವೇಶ ಪರೀಕ್ಷೆಯ ಗೈಡುಗಳು, ಡಾಕ್ಟರ ಪುಸ್ತಕಗಳು, ಇಂಗ್ಲಿಷು, ಮಲಯಾಳ. ಮೂರನೇ ಅಂಗಡಿಯ ಸುಕುಮಾರಣ್ಣ ಎಂಬವರು ಮಾತ್ರ ನನ್ನನ್ನು ಒಂದು ಸ್ಟೂಲಿನಲ್ಲಿ ಕೂರಿಸಿ ಕೇಳಿದರು. ಅಲ್ಲಿಯವರೂ ಅಂಗಡಿಯವರಿಗೆ ಅಣ್ಣ ಎಂದೇ ಹೇಳುವುದು.

"ಕನ್ನಡವೋ? ಅದಕ್ಕೆ ಕಾಸರಗೋಡಿಗೆ ಹೋಗಬೇಕಮ್ಮಾ."

"ನಾನು ಅಲ್ಲಿಂದಲೇ ಬಂದದ್ದು."

"ಹಾಗಾದರೆ ಬರುವಾಗಲೇ ತರಬೇಕಿತ್ತು."

ಏನು ಹೇಳಲಿ ಅವರಿಗೆ? ಸ್ಟೀಲಿನ ಡಬ್ಬಿ ತಂದಿದ್ದೇನೆ ಎಂದು ಹೇಳಲಾ?

ಸುಕುಮಾರಣ್ಣ ಕೆಟ್ಟವರಲ್ಲ. ಅವರ ಅಂಗಡಿಯ ಹಿಂದೆ, ಮಳೆ ನೀರು ಸಿಡಿಯುವಲ್ಲಿ, ಒಂದು ರಾಶಿ ಇತ್ತು. ಅವರಿಗೆ ಓದಲು ಬಾರದ ಲಿಪಿಯದ್ದೆಲ್ಲ ಅದಕ್ಕೇ ಬೀಳುವುದು. ವರ್ಗವಾಗಿ ಬಂದ ಆಫೀಸರುಗಳು ಊರಿಗೆ ಹಿಂದೆ ಹೋಗುವಾಗ ಮಾರಿ ಹೋದದ್ದು. ವಾರಕ್ಕೆ ಒಂದು ಸಲ ನಾನು ಹೋಗಿ ಆ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಗುಚುತ್ತಿದ್ದೆ. ತಮಿಳು, ಹಿಂದಿ, ಬಂಗಾಳಿ, ಒಂದು ಸಲ ಸಿಂಹಳ. ಹೆಗ್ಗಣದ ಮರಿ ಒಮ್ಮೆ ಕೈ ಮೇಲೆ ಓಡಿತು. ಒಂದು ದಿನ ಅವರು ದೂರದಿಂದಲೇ ಕೈ ಬೀಸಿದರು. "ಸಿಕ್ಕಿತು ಅಮ್ಮಾ, ನಿಮ್ಮ ಕನ್ನಡ!" ರಟ್ಟಿಲ್ಲದ ದಪ್ಪ ಪುಸ್ತಕ. ತೆಗೆದು ನೋಡಿದೆ. ತೆಲುಗು.

"ಇದು ತೆಲುಗು ಅಣ್ಣಾ."

"ಹೇಗೆ ಆಗುತ್ತದೆ? ಅದೇ ಗುಂಡು ಗುಂಡು ಅಕ್ಷರ, ಅದೇ ಮೇಲೆ ಕೊಂಬು."

"ನಿಮ್ಮ ಮಲಯಾಳವನ್ನು ನೋಡಿ ತಮಿಳಾ ಎಂದು ಯಾರಾದರೂ ಕೇಳಿದರೆ ನೀವು ಸುಮ್ಮನೆ ಇರ್ತೀರಾ?"

ಅವರು ಬಾಯಿ ತುಂಬ ನಕ್ಕರು. "ಇರಲಿ, ತೆಗೆದಿಡುತ್ತೇನೆ. ನಿಮಗೆ ಬೇಡದಿದ್ದರೆ ಇನ್ನು ಯಾರಿಗೆ ಬೇಕು ಇದು?" ಎಂದು ಅದನ್ನು ಮೇಲಿನ ಹಲಗೆಗೆ ಸಿಕ್ಕಿಸಿದರು.

ಮನೆಗೆ ಬಂದರೆ ಗೇಟಿನಲ್ಲಿ ರಮ್ಯ. "ಸಿಕ್ಕಿತಾ ಅಜ್ಜಿ?" ಮೊದಮೊದಲು ಕೇಳುವುದು ಕನ್ನಡದಲ್ಲೇ. ಇಲ್ಲ ಎಂದಾಗ ಒಂದು ತಿರುಗು ತಿರುಗಿ ಹೋಗುವಳು. ಮೂರನೇ ವಾರಕ್ಕೆ "ಕಿಟ್ಟಿಯೋ?" ಎಂದು ಮಲಯಾಳಕ್ಕೆ ತಿರುಗಿತು. ನಾಲ್ಕನೇ ವಾರ ಗೇಟಿಗೆ ಬರಲೇ ಇಲ್ಲ, ಟಿವಿಯ ಮುಂದಿನಿಂದಲೇ ಕೇಳಿದಳು. ಬೇರೆ ಕಥೆ ಹೇಳುತ್ತೇನೆ ಎಂದರೆ ಬೇಡ. ಬೊಗಸೆಯ ನೀರು ಬೆರಳ ಸಂದಿಯಿಂದ ಇಳಿಯುವ ಹಾಗೆ ಮಗು ಕೈಯಿಂದ ಇಳಿಯುತ್ತಿದ್ದಾಳೆ ಎಂದು ನನಗೆ ಕಾಣುತ್ತಿತ್ತು.

ಓಣದ ರಜೆಗೆ ನನ್ನ ತಂಗಿ ಲಲಿತ ಕೊಚ್ಚಿಗೆ ಕರೆದಳು. ಅವಳ ಗಂಡನಿಗೆ ಕಾಕ್ಕನಾಡಿನ ಕಲೆಕ್ಟರರ ಆಫೀಸಿನಲ್ಲಿ ಕೆಲಸ. ಹಬ್ಬಕ್ಕೆ ಎಂದು ಹೋದೆ, ಮನಸ್ಸೆಲ್ಲ ಪುಸ್ತಕದಲ್ಲಿ. ತಿರುವೋಣದ ಮರುದಿನದ ಅವಿಟ್ಟಂ ಕಳೆದು ಅಂಗಡಿಗಳು ಬಾಗಿಲು ತೆಗೆದ ದಿನವೇ ಲಲಿತಳನ್ನು ಎಳೆದುಕೊಂಡು ಬಸ್ಸಿನಲ್ಲಿ ಎರ್ನಾಕುಳಂಗೆ ಹೋದೆ. ಒಂದು ಓಣಿ, ಮರದ ಮೆಟ್ಟಿಲು, ಮೇಲೆ ಒಂದು ಅಂಗಡಿ. ಅದರ ಯಜಮಾನ ಚುರುಕಿನವನು, ಕನ್ನಡಕ ಹಣೆಗೆ ಏರಿಸಿದವನು. "ಅನ್ಯಭಾಷೆಯ ಕಾದಂಬರಿಯಾ? ಬನ್ನಿ ಬನ್ನಿ" ಎಂದು ಒಳಗೆ ಕರೆದುಕೊಂಡು ಹೋಗಿ ಒಂದು ಇಡೀ ಕಪಾಟು ತೋರಿಸಿದ. ಒರೆಸಿ, ಸಾಲಾಗಿ ನಿಲ್ಲಿಸಿ, ಚೀಟಿ ಅಂಟಿಸಿದ ಪುಸ್ತಕಗಳು.

"ಇದು ಜರ್ಮನ್, ಇದು ಫ್ರೆಂಚ್. ಇದು ಯಾವುದೋ, ಸ್ವೀಡನ್ನಿನದು ಇರಬೇಕು. ಕೋಟೆಕೊಚ್ಚಿಗೆ ಬರುವ ಬಿಳಿಯರು ಓದಿ ಬಿಟ್ಟು ಹೋಗುವುದು."

"ಕನ್ನಡ?"

"ಕನ್ನಡ..." ಎಂದು ಅವನು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ನನ್ನನ್ನು ನೋಡಿದ. "ಅದನ್ನು ಯಾರೂ ಕೇಳುವುದಿಲ್ಲಮ್ಮಾ. ಬಂದರೆ ತೂಕಕ್ಕೆ ಹಾಕಿಬಿಡುತ್ತೇವೆ."

ಕೆಳಗೆ ಇಳಿಯುವಾಗ ಲಲಿತ ಹೇಳಿದಳು, "ಅಕ್ಕಾ, ನೀನು ಜರ್ಮನಿಯಲ್ಲಿ ಹುಟ್ಟಬೇಕಿತ್ತು. ಮೊಮ್ಮಗಳಿಗೆ ರಾಶಿ ಕಥೆ ಸಿಗ್ತಿತ್ತು." ತಮಾಷೆಗೆ ಹೇಳಿದ್ದು. ನಾನು ಮೆಟ್ಟಿಲಿನ ಮೇಲೆಯೇ ಅವಳಿಗೆ ಬೈದೆ. ಆಮೇಲೆ ಇನ್ನೂ ಎರಡು ಅಂಗಡಿ ನೋಡಿದೆವು. ಐದು ಸಾವಿರ ಮೈಲಿ ಆಚೆಯವರ ಭಾಷೆಗೆ ಕಪಾಟು ಉಂಟು, ಇದೇ ರಾಜ್ಯದೊಳಗೆ ಮಾತಾಡುವ ಭಾಷೆಗೆ ತಕ್ಕಡಿ. ಆ ಕಹಿ ನನಗೆ ಈಗಲೂ ಇಳಿದಿಲ್ಲ. ಆದರೆ ಅಂಗಡಿಯವನನ್ನು ಬೈಯಲು ನನಗೆ ಬಾಯಿ ಎಲ್ಲಿ? ನಾನೂ ತಕ್ಕಡಿಗೆ ಹಾಕಿಯೇ ಬಂದವಳಲ್ಲವಾ?

ಮರುದಿನ ಮಧ್ಯಾಹ್ನದ ರೈಲಿನಲ್ಲಿ ಹಿಂದೆ ಬಂದೆ. ಕಿಟಕಿಯ ಪಕ್ಕ ಕೂತು, ಹಿನ್ನೀರಿನ ಕಾಯಲು, ತೆಂಗು, ಕೆಂಪು ಹೆಂಚು ಹೋಗುವುದನ್ನು ನೋಡುತ್ತಾ, ಗೇಟಿನಲ್ಲಿ ಮಗು ಏನು ಕೇಳುತ್ತದೆ, ನಾನು ಏನು ಹೇಳುತ್ತೇನೆ ಎಂಬುದೊಂದೇ ಯೋಚನೆ. ಈ ಸಲ ಇಲ್ಲ ಎಂದರೆ ಮುಗಿಯಿತು, ಇನ್ನು ಅವಳು ಕೇಳುವುದೇ ಇಲ್ಲ ಎಂದು ಮನಸ್ಸು ಹೇಳಿತು. ತಂಬಾನೂರಿನ ರೈಲು ಸ್ಟೇಷನ್ನಿನಲ್ಲಿ ಇಳಿದವಳು ಮನೆಯ ಬಸ್ಸು ಹತ್ತಲಿಲ್ಲ. ಆಟೋ ಮಾಡಿ ಪಾಳಯಂಗೆ ಹೋದೆ.

"ಸುಕುಮಾರಣ್ಣಾ, ಆ ತೆಲುಗು ಪುಸ್ತಕ ಕೊಡಿ."

"ಓದುತ್ತೀರಾ ಅದನ್ನು?"

"ಓದ್ತೇನೆ" ಎಂದೆ.

ಗೇಟಿನಲ್ಲಿ ರಮ್ಯ ಇದ್ದಳು. ನಾನು ಚೀಲದಿಂದ ಪುಸ್ತಕ ತೆಗೆದು ಎತ್ತಿ ಹಿಡಿದೆ. ಅವಳು ಕುಣಿದು ಬಂದು ನನ್ನ ಸೊಂಟ ಹಿಡಿದುಕೊಂಡಳು. ಕನ್ನಡ ಯಾವುದು, ತೆಲುಗು ಯಾವುದು ಎಂದು ಅವಳಿಗೆ ಏನು ಗೊತ್ತು? ಎರಡೂ ಗುಂಡು ಗುಂಡೇ.

ಅಂದಿನಿಂದ ಒಂಬತ್ತು ದಿನ ನಾನು ತೆಲುಗು ಪುಸ್ತಕ ಹಿಡಿದು ಕಮಲಿನಿಯ ಕಥೆ ಓದಿದೆ. ಬೆರಳನ್ನು ಸಾಲಿನ ಕೆಳಗೆ ಓಡಿಸಿದೆ. ತಕ್ಕ ಸಮಯಕ್ಕೆ ಪುಟ ಮಗುಚಿದೆ. ಆ ಅಕ್ಷರಗಳಲ್ಲಿ ಅರ್ಧದ ಗುರುತು ಹತ್ತುತ್ತಿತ್ತು, ಅರ್ಥ ಮಾತ್ರ ಒಂದೂ ಇಲ್ಲ. ಕಮಲಿನಿ ಆ ಕಾಗದವನ್ನು ಒಡೆಯಲಿಲ್ಲ, ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿ ಮಿಂದಳು ಎಂದು ಓದಿದೆ. ಕೇರಿಯ ಹೆಣ್ಣುಮಕ್ಕಳನ್ನು ಕೂರಿಸಿ ಹೊಲಿಗೆ ಕಲಿಸಿದಳು ಎಂದು ಓದಿದೆ. ಅತ್ತೆಗೆ ಜ್ವರ ಬಂದಾಗ ಗಂಜಿ ಕೊಟ್ಟಳು, ಕೊಡುವಾಗ ನಾಲ್ಕು ಮಾತನ್ನೂ ಕೊಟ್ಟಳು. ಎಲ್ಲಿಂದ ಬರುತ್ತಿತ್ತೋ ನನಗೇ ಗೊತ್ತಿಲ್ಲ. ಬೆಳಿಗ್ಗೆ ಪಲ್ಯಕ್ಕೆ ಹೆಚ್ಚುವಾಗ ಯೋಚಿಸಿದರೆ ಮಧ್ಯಾಹ್ನಕ್ಕೆ ಪುಟ ತುಂಬ ಆಗುತ್ತಿತ್ತು. ರಮ್ಯ ನಕ್ಕಳು, ಅತ್ತಳು, ಕನ್ನಡದಲ್ಲಿ ಜಗಳ ಮಾಡಿದಳು. "ಎರಡನೇ ಭಾಗವೇ ಚಂದ ಅಜ್ಜಿ" ಎಂದಳು. ನನ್ನ ಜೀವಮಾನದಲ್ಲಿ ನನ್ನನ್ನು ಯಾರಾದರೂ ಹಾಗೆ ಬಾಯಿಬಿಟ್ಟು ನೋಡಿ ಕೂತದ್ದು ಆ ಒಂಬತ್ತು ದಿನ ಮಾತ್ರ.

ಹತ್ತನೇ ದಿನ ಅವಳು ಹೇಳದೆ ಕೇಳದೆ ಆ ಪುಸ್ತಕವನ್ನು ಶಾಲೆಗೆ ಕೊಂಡುಹೋದಳು. ಮನೆಭಾಷೆಯ ಪುಸ್ತಕ ಒಂದನ್ನು ತಂದು ತೋರಿಸಿ ಅದರ ಬಗ್ಗೆ ಮಾತಾಡಬೇಕು ಎಂದು ಟೀಚರು ಹೇಳಿದ್ದರಂತೆ. ರಮ್ಯ ಕ್ಲಾಸಿನ ಎದುರು ನಿಂತು ಪುಸ್ತಕ ಎತ್ತಿ ಹಿಡಿದು "ಇದು ನಮ್ಮ ಕನ್ನಡದ ಕಾದಂಬರಿ, ಇದರಲ್ಲಿ ಕಮಲಿನಿ ಎಂಬವಳು..." ಎಂದು ಶುರು ಮಾಡಿದ್ದಾಳೆ. ಎದುರಿನ ಬೆಂಚಿನಲ್ಲಿ ಆಂಧ್ರದ ಒಬ್ಬ ವ್ಯೋಮವಿಜ್ಞಾನಿಯ ಮಗಳು. ಅವಳು ಎದ್ದು ಬಂದು ಪುಸ್ತಕ ತೆಗೆದುಕೊಂಡು ಓದಿ, ಇದು ನಮ್ಮ ತೆಲುಗು, ಇದು ಕೋಳಿ ಸಾಕುವ ಪುಸ್ತಕ, ಈ ಪುಟದಲ್ಲಿ ಇರುವುದು ಕೋಳಿಮರಿಗೆ ಬರುವ ಭೇದಿಯ ಔಷಧ ಎಂದು ಎಲ್ಲರಿಗೂ ಹೇಳಿದಳು. ನಲುವತ್ತು ಮಕ್ಕಳು ಬೆಂಚು ಬಡಿದು ನಕ್ಕರಂತೆ. ಕೋಳಿಗೆ ಮಲಯಾಳದಲ್ಲೂ ಕೋಳಿಯೇ. ಆ ಶಾಲೆ ಬಿಡುವವರೆಗೆ ರಮ್ಯಳಿಗೆ ಅದೇ ಹೆಸರು.

ಮನೆಗೆ ಬಂದಾಗ ಒದ್ದೆಯಾಗಿದ್ದಳು, ಕೊಡೆ ಇದ್ದೂ ಬಿಡಿಸಿರಲಿಲ್ಲ. ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ ಆದದ್ದನ್ನೆಲ್ಲ ಹೇಳಿದಳು. ಆಗಲಾದರೂ ನಾನು ಮಗುವನ್ನು ಹಿಡಿದುಕೊಂಡು ತಪ್ಪಾಯಿತು ಎನ್ನಬಹುದಿತ್ತು. ನಾನು ಏನು ಹೇಳಿದೆ ಗೊತ್ತುಂಟಾ?

"ಆ ಹುಡುಗಿಗೆ ಎಂತ ಗೊತ್ತು? ಅವಳು ಸುಳ್ಳು ಹೇಳಿದ್ದು."

ರಮ್ಯ ನನ್ನನ್ನೇ ನೋಡಿದಳು. ಪುಸ್ತಕವನ್ನು ನಡುವಿನಲ್ಲಿ ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ಕನ್ನಡದಲ್ಲಿ ಹೇಳಿದಳು, "ಓದಿ."

ನಾನು ಬಾಯಿ ತೆರೆದೆ. ಒಂಬತ್ತು ದಿನ ನೀರಿನ ಹಾಗೆ ಬಂದ ಮಾತು, ಅರ್ಧ ಅಕ್ಷರವೂ ಬರಲಿಲ್ಲ. ಅವಳ ಬೆರಳಿನಿಂದ ಮಳೆಯ ಹನಿ ಆ ಸಾಲಿನ ಮೇಲೆ ಬೀಳುತ್ತಿತ್ತು.

"ಓದಿ ಅಜ್ಜಿ."

ನಾನು ತಲೆ ತಗ್ಗಿಸಿದೆ. "ಕಳ್ಳಿ" ಎಂದಳು. ಅಷ್ಟು ಸಣ್ಣ ಸ್ವರದಲ್ಲಿ. ಆಮೇಲೆ ಮಲಯಾಳದಲ್ಲಿ, ಇನ್ನು ನನಗೆ ಕಥೆ ಬೇಡ ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಂಜೆ ವಿಷಯ ತಿಳಿದು ರಘು ಹೊಟ್ಟೆ ಹಿಡಿದು ನಕ್ಕ. ಆಫೀಸಿನಲ್ಲೂ ಹೇಳಿ ನಗಿಸಿದ. ಬಂದ ನೆಂಟರಿಗೆಲ್ಲ ಹೇಳಿದ, ಮಗಳು ಅಲ್ಲೇ ಕೂತಿರುವಾಗ. ಸುಮನ ಮಾತ್ರ ನಗಲಿಲ್ಲ. ಪಾತ್ರೆ ತೊಳೆಯುತ್ತಾ ಹೇಳಿದಳು, "ಅತ್ತೆ, ಸಿಕ್ಕಲಿಲ್ಲ ಅಂತ ಹೇಳಿದ್ದರೆ ಆಗ್ತಿತ್ತಲ್ಲ? ಎರಡು ದಿನ ಅಳ್ತಿದ್ದಳು, ಅಷ್ಟೇ."

ತುಲಾ ತಿಂಗಳ ಗುಡುಗು ಮಳೆಯೊಡನೆ ಆ ವರ್ಷ ನನ್ನ ಮಟ್ಟಿಗೆ ಮುಗಿಯಿತು. ರಮ್ಯ ನನ್ನೊಡನೆ ಮಾತು ಬಿಟ್ಟಳು ಎಂದಲ್ಲ. ಚಹಾ ತಂದುಕೊಟ್ಟಳು, ಮಾತ್ರೆ ಎಣಿಸಿ ಕೊಟ್ಟಳು, ಬಾತ್‌ರೂಮಿನಲ್ಲಿ ಜಾರಿ ಬಿದ್ದಾಗ ಎತ್ತಿ ಕೂರಿಸಿದಳು. ಎಲ್ಲವೂ ಮಲಯಾಳದಲ್ಲಿ. ನಾನು ಕನ್ನಡದಲ್ಲಿ ಹೇಳಿದರೆ ಅರ್ಥವಾಗದವರ ಹಾಗೆ ಒಂದು ಗಳಿಗೆ ನಿಲ್ಲುತ್ತಿದ್ದಳು. ರಘುವಿಗೆ ವರ್ಗವಾಗಿ ಕೊಚ್ಚಿಗೆ ಬಂದೆವು. ಅವಳು ಹತ್ತನೇ ಕ್ಲಾಸು ಮುಗಿಸಿದಳು, ಕಾಲೇಜು ಸೇರಿದಳು. ನನ್ನ ಕಣ್ಣಿಗೆ ಪೊರೆ ಬಂತು, ಓದು ನಿಂತಿತು. ಆಪರೇಷನ್ನಿನ ಮೇಲೂ ಅಚ್ಚಿನ ಅಕ್ಷರ ಇರುವೆ ಸಾಲಿನ ಹಾಗೆ ಹರಿದಾಡುತ್ತದೆ.

ಎರಡು ತಿಂಗಳ ಹಿಂದೆ ಅವಳು ತನ್ನ ಹಳೆ ಗೈಡುಗಳನ್ನು ಮಾರಲು ಎರ್ನಾಕುಳಂನ ಅಂಗಡಿಗೆ ಹೋಗಿದ್ದಾಳೆ. ಬಾಗಿಲಿನಲ್ಲಿ, ತೂಕಕ್ಕೆ ಕಟ್ಟಿಟ್ಟ ಒಂದು ಗೋಣಿಯ ಬಾಯಲ್ಲಿ, ಗುಂಡು ಅಕ್ಷರದ ಪುಸ್ತಕಗಳು. ಒಂದನ್ನು ತೆಗೆದು, ಫೋಟೋ ಹಿಡಿದು, ಕಾಸರಗೋಡಿನ ಕಡೆ ಕುಂಬಳೆಯವಳಾದ ತನ್ನ ಗೆಳತಿಗೆ ತೋರಿಸಿ ಇದು ತೆಲುಗಾ ಕನ್ನಡವಾ ಎಂದು ಮೊದಲು ಕೇಳಿದ್ದಾಳೆ. ಕನ್ನಡ ಎಂದಳಂತೆ ಅವಳು. ಒಳಗೆ ಕಮಲಿನಿ ಎಂದು ಉಂಟು ಎಂದಳಂತೆ. ಅಂದಿನಿಂದ ರಮ್ಯ ಆ ಗೆಳತಿಯ ಹತ್ತಿರವೇ ಅಕ್ಷರ ಕಲಿತಳು. ನನಗೆ ಒಂದು ಮಾತೂ ಹೇಳಲಿಲ್ಲ. ಇವತ್ತು ಭಾನುವಾರ ಕುರ್ಚಿ ಎಳೆದು ಕೂತು, ಕೊನೆಯ ನಾಲ್ಕು ಅಧ್ಯಾಯ ತೆರೆದಳು.

ಕೇಳಿದೆನಲ್ಲ ಇವತ್ತು. ಕಮಲಿನಿ ಕಾಗದ ಒಡೆದಳು. ಓದಿ ಕಣ್ಣಿಗೆ ಒತ್ತಿಕೊಂಡಳು. ಗಂಡನಿದ್ದ ಊರಿಗೆ ಓಡಿದಳು, ಅವನ ರೋಗಕ್ಕೆ ಆರೈಕೆ ಮಾಡಿದಳು, ಅದೇ ರೋಗ ಹಿಡಿದು ಅವನ ಕಾಲಿನ ಮೇಲೆ ತಲೆ ಇಟ್ಟು, ತಾನು ಪುಣ್ಯವಂತೆ ಎಂದು ಹೇಳಿ ಸತ್ತಳು. ಥೂ! ಇದಕ್ಕಾಗಿಯೇ ನಾನು ಎರಡು ಪಟ್ಟಣದ ಬೂಷ್ಟು ಮೂಸಿದ್ದು? ಇದು ಆ ವರ್ಷ ಸಿಕ್ಕಿದ್ದರೆ ಇದನ್ನೇ ಆ ಮಗುವಿಗೆ ಓದಿ ಹೇಳುತ್ತಿದ್ದೆನಲ್ಲ ಎಂದು ಯೋಚಿಸಿದರೆ ಮೈ ಉರಿಯುತ್ತದೆ. ಸಿಗದೆ ಹೋದದ್ದಕ್ಕೆ ಎಂಟು ವರ್ಷ ತೆತ್ತದ್ದನ್ನು ಯೋಚಿಸಿದರೂ ಉರಿಯುತ್ತದೆ. ಆದರೂ ಸಂತೋಷ ತಡೆಯದು ಮಾರಾಯ್ರೆ, ಅವಳು ಓದಿದಳು!

ಸಂಜೆಗೆ ಲಲಿತಳನ್ನೂ ಅವಳ ಗಂಡನನ್ನೂ ಊಟಕ್ಕೆ ಬರಹೇಳಿದೆ. ಸೌತೆಕಾಯಿ ಹುಳಿ, ಬಸಳೆ, ಹಲಸಿನ ಹಪ್ಪಳ, ಸ್ವಲ್ಪ ಪಾಯಸ. ಮೇಜಿಗೆ ಆರು ಜನ ಹಿಡಿಯುವುದಿಲ್ಲ ಎಂದು ನೆಲದಲ್ಲೇ ಎಲೆ ಹಾಕಿ ಕೂತೆವು.

"ಹಾಗಾದರೆ ಕಡೆಗೆ ಅವಳು ಸತ್ತಳಾ? ಅಷ್ಟೇಯಾ?" ಎಂದು ರಘು ಹುಳಿ ಕಲಸುತ್ತಾ ಕೇಳಿದ.

"ಪುಸ್ತಕದಲ್ಲಿ ಸತ್ತಳು" ಎಂದಳು ರಮ್ಯ, ಕನ್ನಡದಲ್ಲೇ, ಒಂದೊಂದೇ ಶಬ್ದ ಹುಡುಕಿ ಇಟ್ಟು. "ಅಜ್ಜಿಯ ಕಥೆಯಲ್ಲಿ ಸಾಯಲಿಲ್ಲ. ಅದರಲ್ಲಿ ಗಂಡ ತಾನೇ ಬಂದ. ಹೊರಗೆ ಜೋರು ಮಳೆ. ಬಾಗಿಲಿನ ಹತ್ತಿರ ನಿಂತು ಕರೆದ. ಅಲ್ಲಿಗೆ ನಿಲ್ಲಿಸಿ, ಉಳಿದದ್ದು ನಾಳೆ ಅಂತ ಹೇಳಿದ್ರಿ. ಆ ನಾಳೆಯೇ ನಾನು ಪುಸ್ತಕ ಶಾಲೆಗೆ ಕೊಂಡುಹೋದದ್ದು." ನನ್ನ ಕಡೆ ತಿರುಗಿದಳು. "ಅಜ್ಜಿ, ಆಮೇಲೆ ಎಂತ ಆಯ್ತು? ಬಾಗಿಲು ತೆಗೆದಳಾ?"

ಒಂದು ಉಸಿರಿನಲ್ಲಿ ಹತ್ತು ಅಂತ್ಯ ಕಟ್ಟಿ ಹೇಳಬಹುದಿತ್ತು ನಾನು. ನಾಲಿಗೆ ಎದ್ದದ್ದೂ ಹೌದು.

"ನನಗೆ ಗೊತ್ತಿಲ್ಲ ಮಗಾ" ಎಂದೆ. "ಅಲ್ಲಿಂದ ಮುಂದೆ ನಾನು ಯೋಚನೆ ಮಾಡಿರಲಿಲ್ಲ."

ಅವಳು ನನ್ನ ಎಲೆಯನ್ನು ನೋಡಿದಳು.

"ಸರಿ" ಎಂದಳು ರಮ್ಯ. "ಅಜ್ಜಿಗೆ ಅನ್ನ ಸಾಕಾಗಲಿಲ್ಲ ಅಮ್ಮಾ, ಬಡಿಸಿ."

ಸುಮನ ಎದ್ದು ನನ್ನ ಎಲೆಗೆ ಬಡಿಸಿದಳು, ಹಾಗೆಯೇ ಸಾಲಿಗೆ ಎಲ್ಲರಿಗೂ ಬಡಿಸಿಕೊಂಡು ಹೋಗಿ ತಾನೂ ಕೂತಳು. ಊಟ ಮಾಡಿದೆವು.